ಬೆಟ್ಟದ ಉಡುಪು: ಸುಸ್ಥಿರತೆ ಮತ್ತು ಬಾಳಿಕೆ

ಪುಣೆ, ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಹೊಸ ತಲೆಮಾರು ಈಗ ಸಹ್ಯಾದ್ರಿಯನ್ನು ತನ್ನದಾಗಿಸಿಕೊಂಡಿದೆ. ಜೂನ್ ತಿಂಗಳ ಮೊದಲ ಮಳೆ ಬಿದ್ದೊಡನೆ ರಾಜಗಡ, ಲೋಹಗಡ, ಹರಿಶ್ಚಂದ್ರಗಡಗಳತ್ತ ಹೊರಡುವ ತರುಣ ತರುಣಿಯರಲ್ಲಿ ಧಾರವಾಡ, ವಿಜಯಪುರ, ಕಲಬುರಗಿ, ಉಡುಪಿಗಳ ಮೂಲದವರು ಕಡಿಮೆಯೇನಿಲ್ಲ. ಇದು ಸಂತೋಷದ ಸಂಗತಿ. ನೆಲೆಸಿದ ನಾಡಿನ ಗುಡ್ಡಗಳನ್ನು ಕಾಲ್ನಡಿಗೆಯಿಂದ ಅರಿಯುವುದು ಆ ನಾಡಿನವರಾಗುವ ಒಂದು ಬಗೆ. ಆದರೆ ಈ ಹವ್ಯಾಸದ ಬೆನ್ನಿಗೆ ಒಂದು ದೊಡ್ಡ ಮಾರುಕಟ್ಟೆಯೂ ಬೆಳೆದು ನಿಂತಿದೆ. ಮೂವತ್ತು ವರ್ಷಗಳ ಹಿಂದೆ ನಾವು ಕೆಲವರು ಇದೇ ಗುಡ್ಡಗಳಿಗೆ ಹೋಗುತ್ತಿದ್ದಾಗ ಮಾಮೂಲಿ ರೇನ್‌ಕೋಟು ಮತ್ತು ಕ್ಯಾನ್‌ವಾಸ್ ಬೂಟುಗಳಿದ್ದರೆ ಸಾಕಾಗಿತ್ತು. ಇಂದು ಅಮೆರಿಕದ ಪ್ಯಾಟಗೋನಿಯಾ, ನಾರ್ತ್ ಫೇಸ್, ಕೆನಡಾದ ಆರ್ಕ್‌ಟೆರಿಕ್ಸ್, ಫ್ರಾನ್ಸಿನ ಡೆಕಾಥ್ಲಾನ್, ಬೆಂಗಳೂರಿನಲ್ಲೇ ಹುಟ್ಟಿದ ವೈಲ್ಡ್‌ಕ್ರಾಫ್ಟ್ ಎಂದು ಹೆಸರುಗಳ ಪಟ್ಟಿ ನಮ್ಮ ಮಕ್ಕಳ ಬಾಯಲ್ಲಿ ಸಲೀಸಾಗಿ ಬರುತ್ತದೆ. ಈ ಉಡುಪುಗಳು ಮಾರಾಟವಾಗುವುದು ಮೂರು ಮಾತುಗಳ ಬಲದ ಮೇಲೆ: ನೋಡಲು ಚೆಂದ, ಗುಣದಲ್ಲಿ ಗಟ್ಟಿ, ಪರಿಸರಕ್ಕೆ ಹಿತ.

ಈ ಮೂರು ಮಾತುಗಳನ್ನು ತೂಗಿ ನೋಡುವುದು ಈ ಬರಹದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. 'ಸುಸ್ಥಿರತೆ' ಎಂಬುದು ಮಾರುವವನು ತನ್ನ ಸರಕಿನ ಮೇಲೆ ಅಂಟಿಸುವ ಮಾತು. ಅದನ್ನು ಪರೀಕ್ಷಿಸುವ ಸಾಧನ ಕೊಳ್ಳುವವನ ಕೈಯಲ್ಲಿಲ್ಲ. 'ಬಾಳಿಕೆ' ಎಂಬುದು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಬಳಕೆಯಲ್ಲಿರುವ ಮಾತು. ಸೀರೆ ಕೊಳ್ಳುವಾಗ, ಪಾತ್ರೆ ಕೊಳ್ಳುವಾಗ, ಚಪ್ಪಲಿ ಕೊಳ್ಳುವಾಗ ನಮ್ಮ ತಾಯಂದಿರು ಕೇಳುತ್ತಿದ್ದುದು ಅದನ್ನೇ. ಬೆಟ್ಟದ ಉಡುಪಿನ ಚೆಂದ, ಗುಣ ಮತ್ತು ಪರಿಸರದ ಹಿತ ಈ ಮೂರನ್ನೂ ಅಳೆಯಲು ನಮಗೆ ಇರುವ ನಂಬಲರ್ಹವಾದ ಅಳತೆಗೋಲು ಬಾಳಿಕೆಯೇ ಎಂಬುದು ನನ್ನ ವಾದ.

ಗುಣದಿಂದ ಆರಂಭಿಸೋಣ. ಈ ಉದ್ಯಮದ ಪ್ರತಿಷ್ಠೆ ನಿಂತಿರುವುದು ಮಳೆಯನ್ನು ಹೊರಗೇ ತಡೆದು, ಮೈಯ ಬೆವರನ್ನು ಆವಿಯಾಗಿ ಹೊರಬಿಡುವ ಬಟ್ಟೆಯ ಮೇಲೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬಾತ ಟೆಫ್ಲಾನಿನ ವಸ್ತುವನ್ನು ಬಿಸಿ ಮಾಡಿ ರಭಸದಿಂದ ಎಳೆದಾಗ ಅದು ಅತಿ ಸೂಕ್ಷ್ಮ ರಂಧ್ರಗಳ ಪೊರೆಯಾಗಿ ಹಿಗ್ಗಿತು. ನೀರಿನ ಹನಿ ಈ ರಂಧ್ರಗಳಲ್ಲಿ ತೂರಲಾರದು, ಆವಿಯ ಕಣ ತೂರಬಲ್ಲದು. ಗೋರ್‌ಟೆಕ್ಸ್ ಎಂಬ ಹೆಸರಿನಲ್ಲಿ 1970ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಈ ಪೊರೆ ಪರ್ವತಾರೋಹಿಗಳ ಕಷ್ಟವನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿತು ಎಂಬುದನ್ನು ಒಪ್ಪಲೇಬೇಕು. ಆದರೆ ಇಲ್ಲೊಂದು ಭೌತಶಾಸ್ತ್ರದ ಸಂಗತಿಯನ್ನು ಅಂಗಡಿಯವರು ನಮಗೆ ಹೇಳುವುದಿಲ್ಲ. ಆವಿ ಒಳಗಿನಿಂದ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾಗಿಯೂ ಒಣಗಿಯೂ ಇರಬೇಕು. ಆಲ್ಪ್ಸ್ ಪರ್ವತಗಳಲ್ಲಿ, ಲಡಾಖಿನಲ್ಲಿ ಅದು ಹಾಗಿರುತ್ತದೆ. ಆಷಾಢದ ಸಹ್ಯಾದ್ರಿಯಲ್ಲಿ ಗಾಳಿಯೇ ನೀರಿನಿಂದ ತುಂಬಿರುತ್ತದೆ, ಚಳಿಯೂ ಅಷ್ಟಿರುವುದಿಲ್ಲ. ಅಲ್ಲಿ ಎಷ್ಟು ಸಾವಿರ ರೂಪಾಯಿಯ ಪೊರೆ ತೊಟ್ಟರೂ ಹತ್ತುವವನು ಒಳಗಿನಿಂದ ಬೆವರಿನಲ್ಲಿ ತೊಯ್ಯುತ್ತಾನೆ. ಅಂದರೆ ಗುಣ ಎಂಬುದು ಬಟ್ಟೆಯೊಳಗೆ ಮಾತ್ರ ಇರುವ ವಸ್ತುವಲ್ಲ. ಅದು ಬಟ್ಟೆ ಮತ್ತು ನೆಲದ ನಡುವಿನ ಸಂಬಂಧ. ಶೀತದೇಶದ ಶಿಖರಕ್ಕೆಂದು ಮಾಡಿದ್ದನ್ನು ಲೋನಾವಳದ ಮಳೆಗೆ ತೊಡುವುದರಲ್ಲಿ ಗುಣಗ್ರಹಣಕ್ಕಿಂತ ಅನುಕರಣೆಯ ಪಾಲೇ ಹೆಚ್ಚು.

ಹೊಸ ತಂತ್ರಜ್ಞಾನವಿಲ್ಲದೆ ಬೆಟ್ಟವೇ ಇಲ್ಲ ಎಂಬ ನಂಬಿಕೆಯನ್ನೂ ಪ್ರಶ್ನಿಸಬೇಕಾಗಿದೆ. 1924ರಲ್ಲಿ ಎವರೆಸ್ಟಿನ ಮೇಲೆ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು. ಆತ ತೊಟ್ಟಿದ್ದುದು ರೇಷ್ಮೆ, ಹತ್ತಿ, ಉಣ್ಣೆಗಳ ಹಲವು ಪದರಗಳು, ಮೇಲೆ ಒತ್ತಾಗಿ ನೇಯ್ದ ಗ್ಯಾಬರ್ಡಿನ್ ಅಂಗಿ. ಆ ಬಟ್ಟೆಯ ಮೇಲೆ ಇಂಗ್ಲೆಂಡಿನ ಗೋಡಾಲ್ಮಿಂಗ್ ಎಂಬ ಸಣ್ಣ ಊರಿನ ಉಡುಪಿನ ಅಂಗಡಿಯ ಚೀಟಿ ಇತ್ತು. ಅದೇ ಮಾದರಿಯಲ್ಲಿ ಮರುಸೃಷ್ಟಿಸಿದ ಉಡುಪನ್ನು 2006ರಲ್ಲಿ ಎವರೆಸ್ಟಿನ ಮೇಲೆ ತೊಟ್ಟು ನೋಡಿದಾಗ ಅದು ಹಗುರವಾಗಿಯೂ ಬೆಚ್ಚಗೂ ಇರುವುದು ಕಂಡುಬಂತು. ಆಧುನಿಕ ಬಟ್ಟೆಯೆಲ್ಲ ವ್ಯರ್ಥವೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಊರಿನ ಅಂಗಡಿಯ ಉಡುಪು ಒಮ್ಮೆ ಜಗತ್ತಿನ ಅತಿ ಎತ್ತರದ ಬೆಟ್ಟದವರೆಗೆ ಹೋಗಿತ್ತು ಎಂಬುದನ್ನು ಮರೆಯುವುದು ಬೇಡ.

ಈ ಗುಣಕ್ಕೆ ತೆತ್ತ ಬೆಲೆಯೇನು? ನೀರನ್ನು ಮುತ್ತಿನಂತೆ ಉರುಳಿಸುವ ಲೇಪಗಳಲ್ಲಿ ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳ ಬಳಕೆ ದಶಕಗಳ ಕಾಲ ನಡೆಯಿತು. ಇಂಗಾಲ ಮತ್ತು ಫ್ಲೋರಿನ್‌ಗಳ ನಡುವಿನ ಬಂಧ ಎಷ್ಟು ಗಟ್ಟಿಯೆಂದರೆ ಪ್ರಕೃತಿ ಅದನ್ನು ಸುಲಭವಾಗಿ ಬಿಡಿಸಲಾರದು. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಪಾರ್ಕರ್ಸ್‌ಬರ್ಗ್ ಬಳಿ ಡುಪಾಂಟ್ ಕಂಪನಿ ಟೆಫ್ಲಾನ್ ತಯಾರಿಕೆಗೆ ಈ ಗುಂಪಿನ ಪಿಎಫ್‌ಒಎ ಎಂಬ ರಾಸಾಯನಿಕವನ್ನು ಬಳಸುತ್ತಿತ್ತು. ದನಗಳು ಸಾಯುತ್ತಿರುವುದನ್ನು ಕಂಡ ಒಬ್ಬ ರೈತನ ದೂರಿನಿಂದ 1999ರಲ್ಲಿ ವಕೀಲ ರಾಬ್ ಬಿಲಾಟ್ ಹೂಡಿದ ದಾವೆ ಮುಂದೆ ಇಡೀ ಕಣಿವೆಯ ಜನರ ಹೋರಾಟವಾಯಿತು. ಸುಮಾರು 69,000 ಜನರ ರಕ್ತ ಪರೀಕ್ಷೆಯ ಆಧಾರದ ಮೇಲೆ ವಿಜ್ಞಾನಿಗಳ ಸಮಿತಿಯೊಂದು 2012ರಲ್ಲಿ ತನ್ನ ಅಧ್ಯಯನವನ್ನು ಮುಗಿಸಿ, ಮೂತ್ರಪಿಂಡದ ಕ್ಯಾನ್ಸರೂ ಸೇರಿದಂತೆ ಆರು ಕಾಯಿಲೆಗಳಿಗೂ ಆ ರಾಸಾಯನಿಕಕ್ಕೂ ಸಂಬಂಧವಿರುವ ಸಂಭವವಿದೆ ಎಂದು ಹೇಳಿತು. 2017ರಲ್ಲಿ ಸುಮಾರು 67 ಕೋಟಿ ಡಾಲರುಗಳ ಪರಿಹಾರದೊಂದಿಗೆ ಸಾವಿರಾರು ಮೊಕದ್ದಮೆಗಳು ಇತ್ಯರ್ಥವಾದವು. 2019ರಲ್ಲಿ ಪಿಎಫ್‌ಒಎ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿತು. ಗ್ರೀನ್‌ಪೀಸ್ ಸಂಸ್ಥೆಯವರು 2015ರಲ್ಲಿ ಜಗತ್ತಿನ ದೂರದ ಪರ್ವತಗಳ ಹಿಮವನ್ನು ಸಂಗ್ರಹಿಸಿ ಪರೀಕ್ಷಿಸಿದಾಗ ಅಲ್ಲಿಯೂ ಈ ರಾಸಾಯನಿಕಗಳ ಅಂಶ ಕಂಡುಬಂತು. ಬೆಟ್ಟದ ಮೇಲಿನ ಪ್ರೀತಿಯ ಹೆಸರಿನಲ್ಲಿ ಮಾರಿದ ಬಟ್ಟೆಯ ವಿಷ ಬೆಟ್ಟದ ಹಿಮದಲ್ಲೇ ಸಿಕ್ಕಿತು.

ಈಗ ಕಾನೂನು ಎಚ್ಚೆತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಇಂಥ ಬಟ್ಟೆಗಳ ಮಾರಾಟಕ್ಕೆ ನಿಷೇಧವಿದೆ, ಅತಿ ಮಳೆಯ ಪರಿಸರದ ಉಡುಪುಗಳಿಗೆ ಮಾತ್ರ 2028ರವರೆಗೆ ಅವಕಾಶ ಕೊಡಲಾಗಿದೆ. ಫ್ರಾನ್ಸು 2026ರ ಆರಂಭದಿಂದ ಉಡುಪುಗಳಲ್ಲಿ ಇವನ್ನು ನಿಷೇಧಿಸುವ ಕಾನೂನನ್ನು 2025ರಲ್ಲಿ ಮಾಡಿತು. ಗೋರ್ ಕಂಪನಿ 2022ರಿಂದ ಫ್ಲೋರಿನ್ ಇಲ್ಲದ ಹೊಸ ಪೊರೆಯನ್ನು ತಂದಿದೆ. ಇವೆಲ್ಲ ಸ್ವಾಗತಾರ್ಹ. ಆದರೆ ಈ ಬದಲಾವಣೆ ಬಂದದ್ದು ಸಂತ್ರಸ್ತರ ಮೊಕದ್ದಮೆ, ಪರಿಸರವಾದಿಗಳ ಚಳವಳಿ ಮತ್ತು ಸರ್ಕಾರಗಳ ಕಾನೂನಿನಿಂದ. ಜಾಹೀರಾತಿನ ಹಸಿರು ಎಲೆಯ ಚಿತ್ರದಿಂದ ಬಂದದ್ದಲ್ಲ.

ಇನ್ನು ಚೆಂದದ ವಿಚಾರ. ಉಡುಪಿನಲ್ಲಿ ಚೆಲುವನ್ನು ಬಯಸುವುದು ತಪ್ಪೆಂದು ನಾನು ಹೇಳುವವನಲ್ಲ. ಆದರೆ ಚೆಲುವು ಬೇರೆ, ಫ್ಯಾಷನ್ ಬೇರೆ. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪರ್ವತಾರೋಹಿಗಳ ಸಣ್ಣ ಅಂಗಡಿಯಾಗಿ ಆರಂಭವಾದ ನಾರ್ತ್ ಫೇಸ್ 2000ದಲ್ಲಿ ವಿಎಫ್ ಎಂಬ ಬೃಹತ್ ಉಡುಪು ಕಂಪನಿಯ ಪಾಲಾಯಿತು. 2021ರ ಹೊತ್ತಿಗೆ ಇಟಲಿಯ ಗುಚ್ಚಿಯೊಂದಿಗೆ ಸೇರಿ ವಿಲಾಸದ ಉಡುಪು ಮಾರತೊಡಗಿತ್ತು. ಆರ್ಕ್‌ಟೆರಿಕ್ಸಿನ ಒಡೆತನ ಹೊಂದಿರುವ ಆಮರ್ ಸ್ಪೋರ್ಟ್ಸನ್ನು 2019ರಲ್ಲಿ ಚೀನಾದ ಆಂಟಾ ನೇತೃತ್ವದ ಗುಂಪು ಕೊಂಡಿತು. 2025ರ ಸೆಪ್ಟೆಂಬರಿನಲ್ಲಿ ಇದೇ ಆರ್ಕ್‌ಟೆರಿಕ್ಸ್ ಟಿಬೆಟ್ಟಿನ ಎತ್ತರದ ಬೆಟ್ಟದ ಸಾಲಿನ ಮೇಲೆ ಕಲಾವಿದ ತ್ಸಾಯ್ ಗುವೋಚಿಯಾಂಗ್‌ನಿಂದ ಭಾರಿ ಬಾಣಬಿರುಸಿನ ಪ್ರದರ್ಶನ ಮಾಡಿಸಿತು. ಅದರ ವಿರುದ್ಧ ಆಕ್ರೋಶ ಭುಗಿಲೆದ್ದ ಮೇಲೆ ಕಂಪನಿಯೂ ಕಲಾವಿದನೂ ಕ್ಷಮೆ ಕೋರಿದರು. ಬೆಟ್ಟವು ಉಡುಪಿನ ಹಿಂದಿನ ಪರದೆಯಾದಾಗ ಆಗುವುದು ಹೀಗೆಯೇ. ಪ್ರತಿ ಋತುವಿಗೆ ಬಣ್ಣ ಬದಲಾಗಬೇಕು, ಹೋದ ವರ್ಷದ ಜಾಕೆಟ್ಟು ಈ ವರ್ಷ ಹಳತಾಗಿ ಕಾಣಬೇಕು. ಹರಿಯದ ಬಟ್ಟೆಯನ್ನೂ ಕಳಚುವಂತೆ ಮಾಡುವುದೇ ಫ್ಯಾಷನ್ನಿನ ಕೆಲಸ. ಇದಕ್ಕೆ ಬದಲಾಗಿ ಇಂಗ್ಲೆಂಡಿನ ಸೌತ್ ಶೀಲ್ಡ್ಸ್ ಬಂದರಿನಲ್ಲಿ 1894ರಲ್ಲಿ ಆರಂಭವಾದ ಬಾರ್ಬರ್ ಕಂಪನಿಯ ಮೇಣದ ಕೋಟನ್ನು ನೋಡಿ. ಮೀನುಗಾರರಿಗೂ ನಾವಿಕರಿಗೂ ಹೊಲಿದ ಮೇಣಬಟ್ಟೆಯ ಪರಂಪರೆ ಅದರದು. 1980ರ ದಶಕದ ಅದರ ಮಾದರಿಗಳು ಇಂದಿಗೂ ಹೆಚ್ಚು ಕಡಿಮೆ ಹಾಗೆಯೇ ಇವೆ. ಮೇಣ ಸವೆದರೆ ಮತ್ತೆ ಹಚ್ಚಿಸಬಹುದು. ಅದು ಶ್ರೀಮಂತರ ಉಡುಪಾಗಿದೆ ಎಂಬ ಟೀಕೆ ಸರಿಯಾದುದೇ, ಆದರೂ ಬಾಳಿಕೆಯುಳ್ಳ ಚೆಲುವು ಎಂದರೇನು ಎಂಬುದಕ್ಕೆ ಅದು ಒಳ್ಳೆಯ ನಿದರ್ಶನ.

ಮೂರನೆಯದು ಸುಸ್ಥಿರತೆ. ಇಲ್ಲಿ ಪ್ಯಾಟಗೋನಿಯಾದ ಹೆಸರನ್ನು ಹೇಳದೆ ಮುಂದೆ ಹೋಗಲಾಗದು. ಬಂಡೆಗೆ ಹೊಡೆಯುವ ಮೊಳೆಗಳನ್ನು ಕುಲುಮೆಯಲ್ಲಿ ತಾನೇ ತಯಾರಿಸುತ್ತಿದ್ದ ಇವಾನ್ ಶೂನಾರ್ 1973ರಲ್ಲಿ ಕಟ್ಟಿದ ಕಂಪನಿ ಇದು. 1993ರಲ್ಲಿ ಬಿಸಾಡಿದ ಪ್ಲಾಸ್ಟಿಕ್ ಬಾಟಲಿಗಳಿಂದ ಫ್ಲೀಸ್ ಬಟ್ಟೆ ಮಾಡಿತು, 1996ರಲ್ಲಿ ತನ್ನ ಹತ್ತಿಯನ್ನೆಲ್ಲ ಸಾವಯವ ಹತ್ತಿಗೆ ಬದಲಿಸಿತು. 2011ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಇಡೀ ಪುಟದಲ್ಲಿ ತನ್ನದೇ ಜಾಕೆಟ್ಟಿನ ಚಿತ್ರ ಹಾಕಿ, ಇದನ್ನು ಕೊಳ್ಳಬೇಡಿ ಎಂದು ಜಾಹೀರಾತು ಕೊಟ್ಟಿತು. ಆ ಒಂದು ಜಾಕೆಟ್ಟಿಗೆ 135 ಲೀಟರ್ ನೀರು ಖರ್ಚಾಗುತ್ತದೆ, ಅದರ ತೂಕದ 24 ಪಟ್ಟು ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ ಎಂದು ತಾನೇ ಲೆಕ್ಕ ಒಪ್ಪಿಸಿತು. ಮಾರನೆಯ ವರ್ಷ ಕಂಪನಿಯ ಮಾರಾಟ ಇಳಿಯಲಿಲ್ಲ, ಏರಿತು! 2022ರಲ್ಲಿ ಶೂನಾರ್ ಕುಟುಂಬ ಒಡೆತನವನ್ನೇ ಒಂದು ಟ್ರಸ್ಟಿಗೂ ಪರಿಸರ ರಕ್ಷಣೆಗಾಗಿ ಲಾಭವನ್ನು ಬಳಸುವ ಒಂದು ಸಂಸ್ಥೆಗೂ ಬಿಟ್ಟುಕೊಟ್ಟಿತು. ಈ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಆದರೆ ಕೊಳ್ಳಬೇಡಿ ಎಂಬ ಮಾತೂ ಕೊಳ್ಳುವುದಕ್ಕೆ ಪ್ರೇರಣೆಯಾಗುವ ವ್ಯವಸ್ಥೆಯಲ್ಲಿ ಒಂದು ಕಂಪನಿಯ ಸದ್ಗುಣ ಎಷ್ಟು ದೂರ ಹೋಗಬಲ್ಲದು ಎಂಬ ಪ್ರಶ್ನೆ ಉಳಿದೇ ಇದೆ.

ಇತರರ ಮಾತಂತೂ ಹೇಳಬೇಕಾಗಿಲ್ಲ. ಉಡುಪು ಉದ್ಯಮದವರು ಕೂಡಿ ಹಿಗ್ ಸೂಚ್ಯಂಕ ಎಂಬ ಪರಿಸರದ ಲೆಕ್ಕವನ್ನು ಮಾಡಿಕೊಂಡರು. ನಾರ್ವೆ ದೇಶದ ಬೆಟ್ಟದುಡುಪಿನ ಕಂಪನಿ ನೊರೋನಾ ಇದರ ಆಧಾರದಲ್ಲಿ ತನ್ನ ಹತ್ತಿಯ ಅಂಗಿ ಪರಿಸರಕ್ಕೆ ಎಷ್ಟು ಹಿತವೆಂದು ಪ್ರಚಾರ ಮಾಡಿದಾಗ, ಅದು ಗ್ರಾಹಕರ ದಾರಿ ತಪ್ಪಿಸುವಂಥದು ಎಂದು ಅಲ್ಲಿನ ಗ್ರಾಹಕ ಪ್ರಾಧಿಕಾರ 2022ರ ಜೂನ್‌ನಲ್ಲಿ ತೀರ್ಮಾನಿಸಿತು. ಅದೇ ಸೂಚ್ಯಂಕದ ವಸ್ತುವಾರು ಲೆಕ್ಕದಲ್ಲಿ ಪಾಲಿಯೆಸ್ಟರು ಉಣ್ಣೆಗಿಂತ ಪರಿಸರಕ್ಕೆ ಹಗುರವೆಂದು ಬರುತ್ತಿತ್ತು. ಯಾಕೆಂದರೆ ಆ ಲೆಕ್ಕ ಬಟ್ಟೆ ತಯಾರಾಗುವವರೆಗಿನದು ಮಾತ್ರ. ಅದು ಎಷ್ಟು ವರ್ಷ ಮೈಮೇಲಿರುತ್ತದೆ, ಆಮೇಲೆ ಮಣ್ಣಾಗುತ್ತದೆಯೋ ಇಲ್ಲವೋ ಎಂಬುದು ಅಲ್ಲಿ ಎಣಿಕೆಗೆ ಬರುತ್ತಿರಲಿಲ್ಲ. ಬಾಳಿಕೆಯನ್ನು ಬಿಟ್ಟ ಸುಸ್ಥಿರತೆ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಉಣ್ಣೆಯ ಮಾತು ಬಂದುದರಿಂದ ನಮ್ಮ ಕಂಬಳಿಯನ್ನು ನೆನೆಯಬೇಕು. ದಖ್ಖನಿ ತಳಿಯ ಕುರಿಯ ಒರಟು ಉಣ್ಣೆಯನ್ನು ಹೆಂಗಸರು ನೂತು, ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ, ಗುಂಡಿಮಗ್ಗದಲ್ಲಿ ನೇಯ್ದ ಕಂಬಳಿ ಚಳ್ಳಕೆರೆಯ ಸುತ್ತಿನಲ್ಲಿ ಎಷ್ಟೋ ಕುರುಬ ಕುಟುಂಬಗಳ ಜೀವನಾಧಾರವಾಗಿತ್ತು. ಇಲ್ಲಿಯ ಧನಗರರ ಘೋಂಗಡಿ ಅದೇ ಕುರಿಯ ಅದೇ ಉಣ್ಣೆ. ಭಾಷೆ ಬದಲಾದರೂ ಹೊದಿಕೆ ಬದಲಾಗದ ನೆಲ ಇದು. ಕೊಪ್ಪೆ ಮಾಡಿ ಹೊದ್ದರೆ ಮಳೆಗೆ ಮರೆ, ಹಾಸಿದರೆ ಹಾಸಿಗೆ, ಕಟ್ಟಿದರೆ ಗಂಟು. ಆದರೆ ನಮ್ಮ ಮಕ್ಕಳೆಲ್ಲ ನಾಳೆಯಿಂದ ಕಂಬಳಿ ಹೊದ್ದು ಗಡ ಹತ್ತಬೇಕೆಂದು ನಾನು ಹೇಳಹೊರಟಿಲ್ಲ. ನೆನೆದ ಕಂಬಳಿಯ ಭಾರವನ್ನು ಬಲ್ಲವರಾರೂ ಹಾಗೆ ಹೇಳಲಾರರು. ಅಗ್ಗದ ಕೃತಕ ನಾರಿನ ಹೊದಿಕೆಗಳು ಬಂದು ಮತ್ತು ಕುರಿಯನ್ನು ಮಾಂಸಕ್ಕಾಗಿಯೇ ಸಾಕುವುದು ಹೆಚ್ಚಿ ಆ ಕಸುಬು ಕುಗ್ಗಿದೆ. ನನ್ನ ಮಾತಿರುವುದು ಅಳತೆಯ ಕುರಿತು. ಕಂಬಳಿಯನ್ನು ಅಳೆದದ್ದು ಅದು ಬಾಳಿದ ವರ್ಷಗಳಿಂದ. ಆ ಅಳತೆಯನ್ನು ಜಾಕೆಟ್ಟಿಗೂ ಅನ್ವಯಿಸಲು ಅಡ್ಡಿಯೇನಿದೆ?

ಬಾಳಿಕೆ ಎಂಬ ಮಾತಿನಲ್ಲೇ ಬಾಳೂ ಇದೆ. ಉಡುಪನ್ನು ಹೊಲಿದವರ ಬಾಳನ್ನು ಬಿಟ್ಟು ಉಡುಪಿನ ಬಾಳಿಕೆಯನ್ನು ಚರ್ಚಿಸುವುದು ನ್ಯಾಯವಲ್ಲ. ಪ್ಯಾಟಗೋನಿಯಾದಂಥ ಕಂಪನಿಯೇ ತೈವಾನಿನಲ್ಲಿ ತನಗೆ ಬಟ್ಟೆ ಒದಗಿಸುವ ಗಿರಣಿಗಳಲ್ಲಿ ವಲಸೆ ಕಾರ್ಮಿಕರು ದಲ್ಲಾಳಿಗಳಿಗೆ ಭಾರಿ ಶುಲ್ಕ ತೆತ್ತು ಸಾಲದ ಬಲೆಗೆ ಬಿದ್ದಿರುವುದನ್ನು ಕಂಡುಕೊಂಡು 2015ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ನಮ್ಮ ಬೆಂಗಳೂರು ವಿದೇಶಿ ಬ್ರಾಂಡುಗಳಿಗೆ ಸಿದ್ಧ ಉಡುಪು ಹೊಲಿಯುವ ದೊಡ್ಡ ಕೇಂದ್ರ. 2016ರ ಏಪ್ರಿಲ್‌ನಲ್ಲಿ, ಭವಿಷ್ಯ ನಿಧಿಯಲ್ಲಿನ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದು ಎರಡು ದಿನ ನಗರವನ್ನೇ ಸ್ತಬ್ಧಗೊಳಿಸಿದರು. ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ, ತಿಂಗಳಿಗೆ ಸುಮಾರು 417 ರೂಪಾಯಿಯಷ್ಟು ತುಟ್ಟಿಭತ್ಯೆಯ ಏರಿಕೆಯನ್ನು ಕರ್ನಾಟಕದ ಅನೇಕ ಕಾರ್ಖಾನೆಗಳು ಹೆಚ್ಚು ಕಡಿಮೆ ಎರಡು ವರ್ಷ ಕೊಡಲಿಲ್ಲ. ಒಂದು ಜಾಕೆಟ್ಟಿನ ಬೆಲೆಯ ಎದುರು ಆ 417 ರೂಪಾಯಿಯನ್ನು ಇಟ್ಟು ನೋಡಿದರೆ ಪರಿಸರಸ್ನೇಹಿ ಎಂಬ ಚೀಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂಬುದು ತಿಳಿಯುತ್ತದೆ.

ನನ್ನ ವಾದಕ್ಕೆ ಎರಡು ಆಕ್ಷೇಪಗಳಿವೆ. ಬಾಳಿಕೆಯ ಉಡುಪು ದುಬಾರಿ, ಆದ್ದರಿಂದ ಇದು ಉಳ್ಳವರ ನೀತಿ ಎಂಬುದು ಮೊದಲನೆಯದು. ಬಾಳಿಕೆ ಬೆಲೆಯಿಂದ ಮಾತ್ರ ಬರುವುದಲ್ಲ ಎಂಬುದು ನನ್ನ ಉತ್ತರ. ಡೆಕಾಥ್ಲಾನಿನ ಅಗ್ಗದ ರೇನ್‌ಕೋಟನ್ನು ಹತ್ತು ಮಳೆಗಾಲ ಬಳಸಿದವನು, ಎರಡು ವರ್ಷಕ್ಕೊಮ್ಮೆ ಆರ್ಕ್‌ಟೆರಿಕ್ಸ್ ಬದಲಿಸುವವನಿಗಿಂತ ಬೆಟ್ಟಕ್ಕೆ ಹೆಚ್ಚು ಉಪಕಾರಿ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಫ್ಲೀಸಿನಂಥ ಕೃತಕ ಬಟ್ಟೆ ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ನಾರುಗಳು ನೀರಿಗೆ ಸೇರುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಶಾಖೆಯ 2016ರ ಅಧ್ಯಯನದ ಪ್ರಕಾರ ಒಂದು ಜಾಕೆಟ್ಟು ಒಂದು ಒಗೆತಕ್ಕೆ ಸರಾಸರಿ 1.7 ಗ್ರಾಂ ನಾರು ಬಿಡುತ್ತದೆ. ಹಳೆಯದು ಹೊಸದಕ್ಕಿಂತ ಹೆಚ್ಚು ಬಿಡುತ್ತದೆ. ಹಾಗಾದರೆ ಹಳೆಯದನ್ನು ಉಳಿಸಿಕೊಳ್ಳುವುದೇ ಹಾನಿಯಲ್ಲವೇ? ಅಲ್ಲ. ಹೊಸದನ್ನು ಕೊಂಡರೂ ಹಳೆಯದು ಎಲ್ಲಿಯೋ ಬಿದ್ದು ಸವೆಯುತ್ತಲೇ ಇರುತ್ತದೆ, ಹೊಸದೂ ನಾಳೆ ಹಳೆಯದೇ. ಇಲ್ಲಿ ಪರಿಹಾರವಿರುವುದು ಒಗೆತದಲ್ಲಿ. ಮೇಲಿನಿಂದ ಬಟ್ಟೆ ತುಂಬುವ ಯಂತ್ರದಲ್ಲಿ, ಮುಂದಿನಿಂದ ತುಂಬುವ ಯಂತ್ರಕ್ಕಿಂತ ಸುಮಾರು ಏಳು ಪಟ್ಟು ನಾರು ಹೊರಬೀಳುತ್ತದೆ ಎಂದೂ ಅದೇ ಅಧ್ಯಯನ ಹೇಳುತ್ತದೆ. ಫ್ಲೀಸನ್ನು ಕೊಳೆಯಾದಾಗ ಮಾತ್ರ ಒಗೆದು, ಉಳಿದ ದಿನ ಗಾಳಿಗೆ ಹಾಕಿದರೆ ಸಾಕು. ಮೈಗೆ ತಾಗುವ ಒಳಪದರಕ್ಕೆ ಉಣ್ಣೆ ಇನ್ನೂ ಒಳ್ಳೆಯದು.

ಹಾಗಾದರೆ ಅಂಗಡಿಯಲ್ಲಿ ನಿಂತಾಗ ಏನನ್ನು ನೋಡಬೇಕು? ಜಿಪ್ಪು ಕಿತ್ತರೆ ನಮ್ಮ ಓಣಿಯ ದರ್ಜಿ ಅದನ್ನು ಬದಲಿಸಬಲ್ಲನೇ, ಹೊಲಿಗೆಯ ಮೇಲಿನ ಪಟ್ಟಿ ಕಿತ್ತರೆ ಕಂಪನಿ ಇಲ್ಲಿಯೇ, ಈ ಊರಿನಲ್ಲಿಯೇ ಸರಿಪಡಿಸಿಕೊಡುವುದೇ ಎಂದು ಕೇಳಬೇಕು. ವಿದೇಶದಲ್ಲಿ ದುರಸ್ತಿ ಕೇಂದ್ರವಿದೆ ಎಂಬುದರಿಂದ ಪುಣೆಯವನಿಗೆ ಪ್ರಯೋಜನವಿಲ್ಲ. ಫ್ಲೋರಿನ್ ಲೇಪವಿದೆಯೇ ಎಂದು ಕೇಳಬೇಕು. ಫ್ಲೋರಿನ್ ಇಲ್ಲದ ಲೇಪ ಬೇಗ ಸವೆಯುತ್ತದೆ, ಆಗಾಗ ಮತ್ತೆ ಹಚ್ಚಬೇಕಾಗುತ್ತದೆ. ಆ ಶ್ರಮವನ್ನು ನಾವು ಒಪ್ಪಿಕೊಳ್ಳಬೇಕು. ಹೊಲಿದದ್ದು ಯಾವ ಊರಿನಲ್ಲಿ ಎಂದು ಕೇಳಬೇಕು. ಅಂಗಡಿಯ ಹುಡುಗನಿಗೆ ಉತ್ತರ ಗೊತ್ತಿರಲಿಕ್ಕಿಲ್ಲ, ಆದರೆ ಹತ್ತು ಜನ ಕೇಳಿದರೆ ಅವನು ತನ್ನ ಮೇಲಿನವರನ್ನು ಕೇಳುತ್ತಾನೆ. ಕೊನೆಯದಾಗಿ, ಈ ಬಣ್ಣ ಹತ್ತು ವರ್ಷಗಳ ನಂತರವೂ ನನಗೆ ಒಪ್ಪಿಗೆಯಾದೀತೇ ಎಂದು ತನ್ನನ್ನೇ ಕೇಳಿಕೊಳ್ಳಬೇಕು.

ನಮ್ಮ ಸಂಘಗಳಿಗೂ ಇಲ್ಲಿ ಒಂದು ಕೆಲಸವಿದೆ. ಯುಗಾದಿ, ರಾಜ್ಯೋತ್ಸವಗಳ ಆಚೆಗೆ ತರುಣರು ಸಂಘದ ಕಟ್ಟಡಕ್ಕೆ ಬರುತ್ತಿಲ್ಲ ಎಂದು ಕೊರಗುತ್ತಲೇ ಇರುವ ನಾವು, ಮೇ ತಿಂಗಳ ಕೊನೆಯ ಒಂದು ಭಾನುವಾರ ಅವರ ಹಳೆಯ ಜಾಕೆಟ್ಟು, ಚೀಲ, ಬೂಟುಗಳನ್ನು ತರಹೇಳಬಹುದು. ಒಬ್ಬ ದರ್ಜಿ, ಒಬ್ಬ ರಫೂ ಮಾಡುವವರು, ಒಬ್ಬ ಚಮ್ಮಾರರನ್ನು ತಕ್ಕ ಕೂಲಿ ಕೊಟ್ಟು ಕರೆಸಿದರೆ ಸಾಕು. ಒಬ್ಬನಿಗೆ ಚಿಕ್ಕದಾದದ್ದು ಇನ್ನೊಬ್ಬಳಿಗೆ ಸರಿಹೋಗಬಹುದು. ಮೊದಲ ವರ್ಷ ಹತ್ತು ಜನ ಬಂದರೂ ನಷ್ಟವಿಲ್ಲ. ಮಳೆ ಶುರುವಾಗುವ ಮುನ್ನ ಹತ್ತು ಹಳೆಯ ಜಾಕೆಟ್ಟುಗಳು ಮತ್ತೆ ಬೆಟ್ಟಕ್ಕೆ ಸಿದ್ಧವಾದಂತಾಗುತ್ತದೆ, ಆ ವರ್ಷ ಹತ್ತು ಹೊಸವನ್ನು ಕೊಳ್ಳುವ ಅಗತ್ಯ ಬೀಳುವುದಿಲ್ಲ.